ಮತ್ತೆ ಬಾರದವರ ಬಗ್ಗೆ ಒಂದು ಕಿವಿಮಾತು

ಹಾಸನದಲ್ಲಿ ನಿನ್ನದೇ ಆಪ್ತಸಮಾಲೋಚನಾ ಕೇಂದ್ರ ತೆರೆದ ಮೇಲೆ ನಿನ್ನ ಮಾತಿನಲ್ಲಿ ಒಂದೇ ಬೇಸರ ಮತ್ತೆ ಮತ್ತೆ ಕೇಳಿಸುತ್ತಿದೆ. "ಎರಡು ಸಲ ಬರ್ತಾರೆ, ಮೂರನೇ ಸಲಕ್ಕೆ ನಾಪತ್ತೆ. ನನ್ನ ಕೈಗುಣವೇ ಸರಿಯಿಲ್ಲವೇನೋ" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಅದು ನನ್ನ ಮನಸ್ಸಿನಲ್ಲೇ ಕೂತುಬಿಟ್ಟಿದೆ. ಈ ಕೆಲಸದಲ್ಲಿ ತಲೆ ನರೆತವಳು ನಾನು. ಬಂದವರು ಎಷ್ಟು ದಿನ ಉಳಿಯುತ್ತಾರೆ, ಯಾಕೆ ಬಿಟ್ಟುಹೋಗುತ್ತಾರೆ ಎಂಬ ಪ್ರಶ್ನೆ ಈ ವೃತ್ತಿಗೆ ಇಳಿದ ಯಾರಿಗೂ ತಪ್ಪಿದ್ದಲ್ಲ. ನೀನು ಉತ್ತರವನ್ನು ನಿನ್ನೊಳಗೆ ಮಾತ್ರ ಹುಡುಕುತ್ತಿದ್ದೀಯ. ಸ್ವಲ್ಪ ಇತ್ತ ಕೇಳಮ್ಮ.

ಮೊದಲು ಲೆಕ್ಕ ನೋಡೋಣ, ಯಾಕೆಂದರೆ ನಿನ್ನ ಭಯ ಅರ್ಧ ಇಳಿಯುವುದು ಅಲ್ಲೇ. ಅಮೆರಿಕದಲ್ಲಿ 1993ರಲ್ಲಿ ವಿಯರ್ಜ್‌ಬಿಕಿ ಮತ್ತು ಪೆಕಾರಿಕ್ ಎಂಬಿಬ್ಬರು 125 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಮನೋಚಿಕಿತ್ಸೆಗೆ ಬಂದವರಲ್ಲಿ ಸರಾಸರಿ ಶೇ. 47ರಷ್ಟು ಜನ ನಡುವೆಯೇ ಬಿಟ್ಟಿದ್ದರು. 2012ರಲ್ಲಿ ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ 669 ಅಧ್ಯಯನಗಳನ್ನು ತೆಗೆದುಕೊಂಡಾಗ ಅದು ಸುಮಾರು ಶೇ. 20 ಎಂದು ಬಂತು, ಐವರಲ್ಲಿ ಒಬ್ಬರು. ಇಷ್ಟು ಅಂತರಕ್ಕೆ ಒಂದು ಕಾರಣ, 'ಬಿಟ್ಟುಹೋದವರು' ಯಾರು ಎಂದು ಒಬ್ಬೊಬ್ಬರು ಒಂದೊಂದು ಥರ ಎಣಿಸುವುದು. ಗೊತ್ತುಮಾಡಿದ ದಿನ ಬಾರದವರನ್ನು ಕೆಲವರು ಲೆಕ್ಕಕ್ಕೆ ಹಿಡಿಯುತ್ತಾರೆ, ಇಂತಿಷ್ಟು ಸೆಷನ್ ಮುಗಿಸದವರನ್ನು ಇನ್ನು ಕೆಲವರು, 'ಇವರಿಗೆ ಇನ್ನೂ ಬೇಕಿತ್ತು' ಎಂದು ಥೆರಪಿಸ್ಟ್‌ಗೆ ಅನ್ನಿಸಿದವರನ್ನು ಮತ್ತೆ ಕೆಲವರು. ಆ 2012ರ ಲೆಕ್ಕದಲ್ಲೇ ಇನ್ನೆರಡು ಸಂಗತಿ ಇವೆ: ಚಿಕ್ಕ ವಯಸ್ಸಿನವರು ಬಿಡುವುದು ಹೆಚ್ಚು, ಅನುಭವಸ್ಥರಿಗಿಂತ ಇನ್ನೂ ತರಬೇತಿಯಲ್ಲಿರುವವರ ಬಳಿ ಬಿಡುವುದು ಹೆಚ್ಚು. ನೀನು ತರಬೇತಿ ಮುಗಿಸಿ ಬಂದು ಬಹಳ ದಿನವಾಗಿಲ್ಲ, ನಿನ್ನ ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ನಿನ್ನ ಕೈಗುಣದ ಮೇಲೆ ತೀರ್ಪು ಕೊಡುವ ಮೊದಲು ಇದನ್ನು ನೆನಪಿಟ್ಟುಕೋ.

ಎಷ್ಟು ಸಲ ಬಂದರೆ ಸಾಕು ಎಂಬುದಕ್ಕೂ ಒಂದೇ ಉತ್ತರವಿಲ್ಲ. ಕೆನೆತ್ ಹೋವರ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 8 ಸೆಷನ್ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿ, 26 ಸೆಷನ್ ಹೊತ್ತಿಗೆ ಮುಕ್ಕಾಲು ಪಾಲು ಜನರಲ್ಲಿ ಸುಧಾರಣೆ ಕಾಣುತ್ತದೆ. ಅಂದರೆ ಮೊದಲ ಕೆಲವು ಭೇಟಿಗಳಲ್ಲೇ ಬಹಳ ಮಂದಿಗೆ ಬಹಳಷ್ಟು ಸಿಗುತ್ತದೆ, ಆಮೇಲೆ ವೇಗ ತಗ್ಗುತ್ತದೆ. ಕ್ಯಾಲಿಫೋರ್ನಿಯಾದ ಒಂದು ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಮೋಶೆ ಟಾಲ್ಮನ್ ಅಂತೂ ಒಂದೇ ಸಲ ಬಂದು ಮತ್ತೆ ಬಾರದಿದ್ದ ತಮ್ಮ 200 ಮಂದಿಗೆ ಫೋನ್ ಮಾಡಿ ವಿಚಾರಿಸಿದರು. ಶೇ. 78ರಷ್ಟು ಜನ, ತಮಗೆ ಬೇಕಾದ್ದು ಆ ಒಂದೇ ಭೇಟಿಯಲ್ಲಿ ಸಿಕ್ಕಿತೆಂದರು. ಅದನ್ನೇ ಅವರು 1990ರಲ್ಲಿ ಪುಸ್ತಕ ಮಾಡಿದರು. ಹೋದವರೆಲ್ಲ ನಿರಾಶರಾಗಿಯೇ ಹೋದರು ಎಂದು ನೀನು ಊಹಿಸಿಕೊಳ್ಳಬೇಕಾಗಿಲ್ಲ. ಮನೆಗೆ ಹೋಗಿ ಗಂಡನ ಜೊತೆ ಒಂದು ಮಾತು ಆಡಿದ್ದಾರೆ, ನಿದ್ದೆ ಬಂದಿದೆ, ಸಾಕು ಅನ್ನಿಸಿದೆ. ಅದನ್ನು ನಿನಗೆ ತಿಳಿಸಬೇಕೆಂದು ಅವರಿಗೆ ಹೊಳೆದಿಲ್ಲ, ಅಷ್ಟೇ.

ನನ್ನ ಚಿಂತೆ ಇರುವುದು ಉಳಿದವರ ಬಗ್ಗೆ. ಸಮಾಧಾನವಿಲ್ಲದೆ, ಆದರೆ ಅದನ್ನು ಬಾಯಿಬಿಟ್ಟು ಹೇಳಲಾಗದೆ ಹೋದವರ ಬಗ್ಗೆ.

ನಮ್ಮ ಕಡೆಯ ಜನರ ದಾಕ್ಷಿಣ್ಯ ನಿನಗೆ ಗೊತ್ತು. ಓದಿದವರ ಎದುರು, ಡಾಕ್ಟರ ಎದುರು, ಮೇಷ್ಟರ ಎದುರು 'ಇದು ನನಗೆ ಒಗ್ಗುತ್ತಿಲ್ಲ' ಎನ್ನುವ ಅಭ್ಯಾಸ ನಮ್ಮವರಿಗಿಲ್ಲ. "ಹೂಂ ಮೇಡಂ, ಬುಧವಾರ ಬಂದೇ ಬರ್ತೀನಿ" ಎಂದು ಕೈಮುಗಿದು ಹೋದವರು ಬುಧವಾರ ಬರುವುದಿಲ್ಲ. ಅದು ಸುಳ್ಳಲ್ಲಮ್ಮ, ನಿನ್ನ ಮನಸ್ಸು ನೋಯಬಾರದೆಂಬ ಮರ್ಯಾದೆ. ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಗುರು ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿ ನೋಡಬಹುದೆಂದು ಬರೆದರು. ಪಶ್ಚಿಮದ ಪುಸ್ತಕಗಳು ದೂರವಿಡು ಎನ್ನುವ ಅವಲಂಬನೆ ನಮ್ಮಲ್ಲಿ ಸಹಜವೂ ಹೌದು, ಉಪಯುಕ್ತವೂ ಹೌದು ಎಂಬುದನ್ನು ಅವರು ಕಂಡಿದ್ದರು. ನಾನು ಅವರ ಮಾತನ್ನು ಒಪ್ಪುತ್ತೇನೆ. ಜನ ನಿನ್ನನ್ನು ಹಿರಿಯಳ ಜಾಗದಲ್ಲಿ ಕೂರಿಸಿದರೆ ಆ ವಿಶ್ವಾಸ ಅವರನ್ನು ಮತ್ತೆ ಕರೆತರುತ್ತದೆ. ಅದೇ ಗೌರವ ಅವರ ಬಾಯಿಯನ್ನೂ ಕಟ್ಟುತ್ತದೆ. ಗುರುವಿಗೆ ಎದುರಾಡುವಂತಿಲ್ಲವಲ್ಲ, ಹಾಗಾಗಿ ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ.

ಆದ್ದರಿಂದ ನಾನು ನಿನಗೆ ಹೇಳಬೇಕಾದ್ದು ಮುಖ್ಯವಾಗಿ ಒಂದೇ: ಬಿಟ್ಟುಹೋಗುವ ಮಾತನ್ನು ಮೊದಲ ದಿನವೇ, ನೀನೇ ಎತ್ತು. "ನಾಲ್ಕು ಸಲ ಭೇಟಿಯಾಗೋಣ. ನಾಲ್ಕನೇ ಸಲ ಇಬ್ಬರೂ ಕೂತು, ಇದರಿಂದ ಏನಾದರೂ ಆಗ್ತಿದೆಯಾ ಅಂತ ನೋಡೋಣ. ಅದಕ್ಕೆ ಮೊದಲೇ ನಿಮಗೆ ಬೇಡ ಅನ್ನಿಸಿದರೆ, ಅಥವಾ ನನ್ನ ಮಾತು ಹಿಡಿಸದಿದ್ದರೆ, ನನಗೆ ಹೇಳಿ. ನನಗೆ ಬೇಜಾರಾಗಲ್ಲ, ಬೇರೆ ಯಾರ ಹತ್ತಿರ ಹೋಗಬಹುದು ಅಂತ ನಾನೇ ಹೇಳ್ತೀನಿ." ಇಷ್ಟು ಸಾಕು. ಕೊನೆ ಗೊತ್ತಿಲ್ಲದ ದಾರಿಗೆ ನಮ್ಮ ಜನ ಹೆದರುತ್ತಾರೆ, ಇಷ್ಟು ಸಲ ಎಂದು ತಿಳಿದರೆ ಕೆಲಸಕ್ಕೆ ರಜೆ ಹಾಕಿ, ಮನೆಯಲ್ಲಿ ಹೇಳಿ, ದುಡ್ಡು ಹೊಂದಿಸಿಕೊಂಡು ಬರುತ್ತಾರೆ.

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿ. ನಡುವಯಸ್ಸು, ಎರಡು ಬಸ್ಸು ಬದಲಿಸಿ ಬಂದವರು. ಗಂಟೆಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಎದೆ ಉರಿ, ತಲೆಭಾರ, ರಾತ್ರಿ ಎಚ್ಚರ, ಮಗನ ಸಾಲ, ಎಲ್ಲ ಹೇಳಿಕೊಂಡರು. ಅತ್ತರು. ಎದ್ದು ನಿಂತು ಚೀಲ ಹೆಗಲಿಗೇರಿಸಿದವರು ಬಾಗಿಲ ಹತ್ತಿರ ಹೋಗಿ, ಮೆಲ್ಲಗೆ, "ಬರ್ದ್ ಕೊಡೋದು ಏನೂ ಇಲ್ವಾ?" ಅಂದರು. ಅವರ ಮಟ್ಟಿಗೆ ಚಿಕಿತ್ಸೆ ಇನ್ನೂ ಶುರುವಾಗಿಯೇ ಇರಲಿಲ್ಲ! ಗಂಟೆಗಟ್ಟಲೆ ಮಾತಾಡಿಸಿದ ಮೇಲೆ ಚೀಟಿ ಬರೆದುಕೊಡುತ್ತಾರೆ ಎಂದು ಕಾದಿದ್ದರು. ಅವರನ್ನು ಮತ್ತೆ ಕೂರಿಸಿ, ಆಗ ನಡೆದದ್ದೇ ಚಿಕಿತ್ಸೆಯ ಮೊದಲ ಭಾಗ, ಮುಂದಿನ ವಾರ ರಾತ್ರಿಯ ಎಚ್ಚರದ ಬಗ್ಗೆ ಇಂಥದ್ದು ಮಾಡೋಣ, ಮಾತ್ರೆ ಬೇಕೆನಿಸಿದರೆ ಮನೋವೈದ್ಯರ ಬಳಿ ಕಳಿಸುತ್ತೇನೆ ಎಂದು ಬಿಡಿಸಿ ಹೇಳಬೇಕಾಯಿತು. ಬಾಗಿಲಲ್ಲಿ ಅವರು ಆ ಪ್ರಶ್ನೆ ಕೇಳುವ ಧೈರ್ಯ ಮಾಡಿದ್ದರಿಂದಷ್ಟೇ ಮುಂದೆ ಬಂದರು. ಕೇಳದೇ ಹೋಗುವವರೇ ಹೆಚ್ಚು. ಹಾಗಾಗಿ ಮೊದಲ ಭೇಟಿಯ ಕೊನೆಯ ಹತ್ತು ನಿಮಿಷವನ್ನು ಇದಕ್ಕೇ ಮೀಸಲಿಡು. ಇಲ್ಲಿ ಏನು ನಡೆಯುತ್ತದೆ, ಯಾಕೆ ಮಾತಾಡುತ್ತೇವೆ, ಮೊದಮೊದಲು ಹಳೆಯದನ್ನು ಕೆದಕಿದಾಗ ಸಂಕಟ ಹೆಚ್ಚಾದಂತೆಯೂ ಅನ್ನಿಸಬಹುದು ಎಂಬುದನ್ನೆಲ್ಲ ಅವರದೇ ಮಾತಿನಲ್ಲಿ ಹೇಳು. ಆ ಕೊನೆಯದನ್ನು ಮುಂಚೆಯೇ ಹೇಳದಿದ್ದರೆ, 'ಅಲ್ಲಿಗೆ ಹೋದ ಮೇಲೇ ಜಾಸ್ತಿಯಾಯ್ತು' ಎಂದು ಮನೆಯವರು ತಡೆಯುತ್ತಾರೆ.

ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದದ್ದನ್ನು ನೀನು ಪರೀಕ್ಷೆಗೆ ಓದಿದ್ದೀಯ: ಗುರಿಯಲ್ಲಿ ಒಮ್ಮತ, ಮಾಡುವ ಕೆಲಸದಲ್ಲಿ ಒಮ್ಮತ, ಇಬ್ಬರ ನಡುವೆ ನಂಟು. ನಂಟು ಬೆಳೆಸುವುದರಲ್ಲಿ ನೀನು ಹುಷಾರು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನಲ್ಲಿ ಎಡವಟ್ಟಾಗುತ್ತಿರುವುದು ಮೊದಲೆರಡರಲ್ಲಿ ಅಂತ ನನ್ನ ಅನುಮಾನ. ಹುಡುಗನಿಗೆ ಬೇಕಾದ್ದು ಸೆಕೆಂಡ್ ಪಿಯುಸಿ ಪರೀಕ್ಷೆಯ ಹಾಲಿನಲ್ಲಿ ಕೈ ನಡುಗದಿರುವುದು. ನಿನಗೆ ಅವನ ಬಾಲ್ಯದಲ್ಲಿ ಅಪ್ಪನ ಹೊಡೆತ ಕಂಡಿದೆ, ನೀನು ಅತ್ತ ಎಳೆಯುತ್ತೀಯ. ನೀನು ಕಂಡದ್ದು ನಿಜವೇ ಇರಬಹುದು. ಆದರೂ ಮೊದಲು ಅವನು ಕೇಳಿದ್ದನ್ನು ಕೊಡು. ಉಸಿರಾಟದ ಅಭ್ಯಾಸ, ಓದಿನ ವೇಳಾಪಟ್ಟಿ, ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗಡಿಯಾರ ನೋಡಿ ಬರೆಯುವುದು. ಕೈ ನಡುಕ ನಿಂತ ಹುಡುಗ ಅಪ್ಪನ ವಿಷಯವನ್ನು ತಾನೇ ಎತ್ತುತ್ತಾನೆ. ಎತ್ತದಿದ್ದರೂ ಬಂದ ಕೆಲಸ ಆಗಿದೆಯಲ್ಲ.

ಅಪ್ಪ ಅಂದ ಕೂಡಲೇ ನೆನಪಾಯಿತು. ನಮ್ಮಲ್ಲಿ ಕುರ್ಚಿಯಲ್ಲಿ ಕೂತವರೇ ಕ್ಲೈಂಟ್ ಎಂದು ತಿಳಿದರೆ ಕೆಟ್ಟೆ. ಫೀಸು ಕೊಡುವವರು ಒಬ್ಬರು, ಕರೆತರುವವರು ಇನ್ನೊಬ್ಬರು, 'ಹುಚ್ಚರ ಡಾಕ್ಟರ ಹತ್ರ ಯಾಕೆ' ಎನ್ನುವ ಅಜ್ಜಿ ಮನೆಯಲ್ಲಿ. ಇವರಲ್ಲಿ ಯಾರು ಬೇಕಾದರೂ ಚಿಕಿತ್ಸೆ ನಿಲ್ಲಿಸಬಲ್ಲರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಮನೆಯವರು ಜೊತೆಗಿದ್ದು, ಕಾಯಿಲೆ ಏನೆಂದು ಕಲಿತು ಹೋದರು. ಮುಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಕುಟುಂಬದ ಜೊತೆ ಕೆಲಸ ಮಾಡುವುದರಲ್ಲಿ ದೊಡ್ಡ ಹೆಸರು ಮಾಡಿತು. ನಿನಗೆ ಡೇರೆ ಬೇಡ. ಕ್ಲೈಂಟ್ ಒಪ್ಪಿದರೆ, ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವರನ್ನು ಹತ್ತು ನಿಮಿಷ ಒಳಗೆ ಕರೆದು ಕೂರಿಸು. ಏನು ನಡೆಯುತ್ತಿದೆ, ಎಷ್ಟು ಸಲ ಬರಬೇಕು, ಮನೆಯಲ್ಲಿ ಏನು ಕೇಳಬಾರದು ಎಂಬುದನ್ನು ಹೇಳು. ಅದೇ ಉಸಿರಿನಲ್ಲಿ, ಒಳಗೆ ಆಡಿದ ಮಾತು ಒಳಗೇ ಉಳಿಯುತ್ತದೆ ಎಂದೂ ಹೇಳಿಬಿಡು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಪ್ರಾಣಾಪಾಯದಂಥ ಸಂದರ್ಭ ಮಾತ್ರ ಬೇರೆ, ಅದನ್ನೂ ಇಬ್ಬರ ಎದುರಿನಲ್ಲೇ ಹೇಳು. ಒಳಗಿನ ಮಾತು ಅಪ್ಪನ ಕಿವಿಗೆ ಬಿತ್ತು ಎಂದು ಗೊತ್ತಾದ ದಿನ ಹುಡುಗಿ ನಿನ್ನ ಮೆಟ್ಟಿಲು ಹತ್ತುವುದನ್ನು ಬಿಡುತ್ತಾಳೆ, ಆಮೇಲೆ ಇನ್ಯಾರ ಮೆಟ್ಟಿಲನ್ನೂ ಹತ್ತುವುದಿಲ್ಲ.

ದುಡ್ಡು, ದೂರ, ಹೊತ್ತು. ಇವು ಮನೋವಿಜ್ಞಾನವಲ್ಲ ಎಂದು ಬದಿಗಿಡಬೇಡ. ಕಲಿಕೆ ಕಡಿಮೆ, ಆದಾಯ ಕಡಿಮೆ ಇರುವವರು ಬೇಗ ಬಿಡುತ್ತಾರೆ ಎಂಬುದು ಆ 1993ರ ಲೆಕ್ಕದಲ್ಲೂ ಇತ್ತು. ಸಕಲೇಶಪುರದ ಕಡೆಯಿಂದ ಬರುವ ಕೂಲಿಯವರಿಗೆ ಕಾಫಿ ಕುಯ್ಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಾ ಎಂದರೆ ಹೇಗೆ ಬಂದಾರು? ಅಂಥವರಿಗೆ ಕುಯ್ಲು ಮುಗಿಯುವವರೆಗೆ ತಿಂಗಳಿಗೊಮ್ಮೆ ಎಂದು ನೀನೇ ಹೇಳು. ಅವರು 'ತಪ್ಪಿಸಿಕೊಂಡೆ' ಎಂಬ ಅಳುಕಿಲ್ಲದೆ ಮತ್ತೆ ಬರುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ನಿಜ. ಆ ದಿನದ ಕೂಲಿ, ಸಂಜೆ ಹಸು ಕರೆಯುವ ಹೊತ್ತಿಗೆ ಮನೆ ಸೇರಬೇಕಾದ ಅವಸರ, ಇವು ಹಾಗೇ ಇವೆ. ಅರಸೀಕೆರೆ, ಅರಕಲಗೂಡು ಬಸ್ಸುಗಳ ಸಮಯ ನಿನಗೆ ಗೊತ್ತಿರಲಿ. ನಾಲ್ಕೂವರೆಯ ಬಸ್ಸಿಗೆ ಹೋಗಬೇಕಾದವರಿಗೆ ನಾಲ್ಕಕ್ಕೆ ಸಮಯ ಕೊಟ್ಟರೆ ಅವರ ಕಣ್ಣು ಗೋಡೆ ಗಡಿಯಾರದ ಮೇಲೇ ಇರುತ್ತದೆ. ಫೀಸಿನ ಮಾತನ್ನೂ ಸಂಕೋಚವಿಲ್ಲದೆ ಮೊದಲೇ ಆಡು. ಕಡಿಮೆ ಮಾಡಬಲ್ಲೆಯಾದರೆ ಎಷ್ಟು ಎಂದು ಹೇಳಿಬಿಡು. ಕೊಡಲಾಗದವರು ಕೇಳುವುದಿಲ್ಲಮ್ಮ, ಬರುವುದನ್ನು ನಿಲ್ಲಿಸುತ್ತಾರೆ.

ವಿಡಿಯೋ ಕಾಲ್ ಇದೆಯಲ್ಲ ಅನ್ನಬೇಡ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿಗೆ ಅದು ಸಲೀಸು. ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಬಗ್ಗೆ ಮಾತಾಡಬೇಕಾದ ಸೊಸೆಗೆ ಫೋನು ಹಿಡಿದು ಕೂರಲು ಜಾಗ ಎಲ್ಲಿದೆ? ಎಷ್ಟೋ ಸಲ ಆ ಫೋನೂ ಅವಳದಲ್ಲ. ಅದಕ್ಕೇ ಮೊದಲ ದಿನ ಅರ್ಜಿಯಲ್ಲಿ ನಂಬರ್ ಬರೆಸಿಕೊಂಡರೆ ಸಾಲದು. "ನಾನು ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಯಾರು ಅಂತ ಹೇಳಲಿ? ಯಾವ ಹೊತ್ತಿಗೆ ಮಾಡಲಿ?" ಈ ಮೂರನ್ನೂ ಕೇಳಿ ಬರೆದಿಟ್ಟುಕೋ. ಬರಬೇಕಾದ ದಿನ ಬಾರದಿದ್ದಾಗ ಒಂದು ಫೋನ್ ಮಾಡುವ ಅನುಮತಿಯನ್ನೂ ಆಗಲೇ ಪಡೆದಿರು. ಫೋನಿನಲ್ಲಿ ಯಾಕೆ ಬರಲಿಲ್ಲ ಎಂಬ ತನಿಖೆ ಬೇಡ. "ನೆನಪಾದಿರಿ, ಹೇಗಿದ್ದೀರಿ ಅಂತ ಕೇಳೋಣ ಅನ್ನಿಸಿತು. ಬರಬೇಕು ಅನ್ನಿಸಿದರೆ ಬಾಗಿಲು ತೆರೆದಿದೆ, ಸಾಕು ಅನ್ನಿಸಿದ್ದರೆ ಅದೂ ಒಳ್ಳೆಯದೇ" ಎಂದರೆ ಆಯಿತು. ಸಾಯುವ ಮಾತು ಆಡಿದ್ದವರು ಬಾರದಿದ್ದರೆ ಮಾತ್ರ ಆ ದಿನವೇ ವಿಚಾರಿಸಲೇಬೇಕು, ಮೊದಲೇ ಗೊತ್ತುಮಾಡಿಕೊಂಡ ಮನೆಯವರಿಗೂ ತಿಳಿಸಬೇಕು. ರಾತ್ರಿ ನಿನ್ನ ಫೋನ್ ಸಿಗದಿದ್ದರೆಂದು ಟೆಲಿ ಮಾನಸ್‌ನ 14416 ಅನ್ನು ಪ್ರತಿಯೊಬ್ಬರಿಗೂ ಬರೆದುಕೊಡು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ ಅದು, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ಸ್ವಲ್ಪ ಕಷ್ಟದ ಮಾತು. ಎದುರಿಗಿರುವವರು ಸುಧಾರಿಸುತ್ತಿದ್ದಾರೋ ಇಲ್ಲವೋ ಎಂದು ನಮಗೆ ಗೊತ್ತಾಗುತ್ತದೆ ಅಂದುಕೊಳ್ಳುತ್ತೇವೆ. ಮೈಕೇಲ್ ಲ್ಯಾಂಬರ್ಟ್ ಬಳಗದವರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 550 ಕ್ಲೈಂಟ್‌ಗಳ ಪೈಕಿ ಯಾರ ಸ್ಥಿತಿ ಹದಗೆಡಬಹುದು ಎಂದು ಅವರವರ ಥೆರಪಿಸ್ಟ್‌ಗಳನ್ನೇ ಕೇಳಿದರು. ಅವರು ಹೆಸರಿಸಿದ್ದು 3 ಮಂದಿಯನ್ನು. ಹದಗೆಟ್ಟದ್ದು 40 ಮಂದಿಗೆ. ಬರೀ ನಮ್ಮ ಅನಿಸಿಕೆಯನ್ನು ನಂಬಿಕೊಂಡು ಕೂರುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಡ. ಪ್ರತಿ ಭೇಟಿಯ ಶುರುವಿನಲ್ಲಿ ಈ ವಾರ ಹೇಗಿತ್ತು ಎಂದು ಸೊನ್ನೆಯಿಂದ ಹತ್ತರೊಳಗೆ ಅಂಕ ಕೇಳು. ಕೊನೆಯಲ್ಲಿ ಇವತ್ತಿನ ಮಾತುಕತೆಗೂ ಕೇಳು. "ಚೆನ್ನಾಗಿತ್ತು ಮೇಡಂ" ಎಂಬ ಉತ್ತರ ಬಂದೇ ಬರುತ್ತದೆ, ಅದಕ್ಕೆ ನಿಲ್ಲಬೇಡ. "ಇವತ್ತು ನಾನು ಆಡಿದ್ದರಲ್ಲಿ ಯಾವುದು ನಿಮ್ಮ ಮನೆ ಪರಿಸ್ಥಿತಿಗೆ ಹೊಂದಲ್ಲ?" ಎಂದು ಕೇಳಿನೋಡು. ಹೊಂದದ್ದು ಒಂದಾದರೂ ಇದೆ ಎಂದು ನೀನೇ ಒಪ್ಪಿಕೊಂಡು ಕೇಳಿದಾಗ ಹೇಳಲು ಅವರಿಗೆ ಸಲೀಸು. ಮೊದಲ ಸಲ ನಕ್ಕು ಸುಮ್ಮನಾದಾರು. ಎರಡನೇ ಸಲವೋ ಮೂರನೇ ಸಲವೋ, "ಡೈರಿ ಬರೀರಿ ಅಂದ್ರಲ್ಲ, ಅದು ಯಾರಾದ್ರೂ ಓದ್‌ಬಿಟ್ರೆ ಅಂತ ಭಯ" ಎಂಬಂಥದ್ದೊಂದು ಹೊರಗೆ ಬರುತ್ತದೆ. ಹಾಗೆ ಹೇಳಿದವರು ಉಳಿಯುತ್ತಾರೆ.

ಬಹಳ ದಿನ ಉಳಿದವರೆಲ್ಲ ನಿನ್ನ ಗೆಲುವು ಎಂದೂ ತಿಳಿಯಬೇಡ. ವರ್ಷಗಟ್ಟಲೆ ಬರುತ್ತಾ, ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ನಿನ್ನ ಹತ್ತಿರವೇ ಆಡಿ ಹಗುರಾಗಿ, ಮನೆಯಲ್ಲಿ ಏನನ್ನೂ ಬದಲಿಸದೆ ಹೋಗುವವರಿದ್ದಾರೆ. ಕೆಲವರಿಗೆ ದೀರ್ಘಕಾಲದ ಆಸರೆ ನಿಜಕ್ಕೂ ಬೇಕು. ಚಿಕ್ಕಂದಿನಿಂದ ಪೆಟ್ಟು ತಿಂದವರು, ಯಾರನ್ನೂ ನಂಬಲಾಗದವರು, ಇವರಿಗೆ ನಂಬಿಕೆ ಹುಟ್ಟುವುದಕ್ಕೇ ಆರು ತಿಂಗಳಾದೀತು, ಅವಸರ ಮಾಡಬೇಡ. ಆದರೆ ಯಾರು ಯಾಕೆ ಬರುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಮೂರು ತಿಂಗಳಿಗೊಮ್ಮೆಯಾದರೂ ಅವರ ಜೊತೆಯಲ್ಲೇ ಕೂತು ಕೇಳಿಕೋ. ತಿಂಗಳ ಬಾಡಿಗೆ ಕಟ್ಟುವ ಚಿಂತೆ ಆ ಉತ್ತರದೊಳಗೆ ನುಸುಳದಂತೆ ನೋಡಿಕೊಳ್ಳುವುದು ನಿನ್ನ ಪ್ರಾಮಾಣಿಕತೆಗೆ ಬಿಟ್ಟದ್ದು. ನಿನ್ನಲ್ಲಿ ಅದಕ್ಕೆ ಕೊರತೆಯಿಲ್ಲ.

ನಮ್ಮ ದೇಶದಲ್ಲಿ ನಿನ್ನ ಬಾಗಿಲವರೆಗೆ ಬಂದವರೇ ಕಡಿಮೆ. 2015-16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹಾಗಿರುವಾಗ ಬಂದವರು ಒಂದೇ ಸಲ ಬಂದರೂ ಬರಿಗೈಯಲ್ಲಿ ಹೋಗಬಾರದು. ಪ್ರತಿ ಭೇಟಿಯನ್ನೂ ಅದೊಂದೇ ಸಿಗುವುದೇನೋ ಎಂಬ ಎಚ್ಚರದಲ್ಲಿ ನಡೆಸು. ಆ ದಿನವೇ ಮನೆಗೆ ಒಯ್ದು ಮಾಡಬಹುದಾದ ಒಂದು ಸಣ್ಣ ಕೆಲಸ ಅವರ ಕೈಯಲ್ಲಿರಲಿ.

ಈ ಭಾನುವಾರ ಬಿಡುವಾದಾಗ ಹಳೆಯ ಫೈಲುಗಳನ್ನು ತೆಗೆದು ಕೂತುಕೋ. ಮೂರನೇ ಸಲಕ್ಕೆ ಬಾರದವರಲ್ಲಿ ಫೋನ್ ಮಾಡಬಹುದೆಂದು ಒಪ್ಪಿದ್ದವರು ಯಾರ್ಯಾರು ನೋಡು. ಒಬ್ಬೊಬ್ಬರಿಗೂ ಅವರು ಹೇಳಿದ ಹೊತ್ತಿಗೆ ಒಂದು ಫೋನ್ ಮಾಡಿ, ಹೇಗಿದ್ದೀರಿ ಎಂದು ಕೇಳಮ್ಮ. ಅವರು ಏನಂದರು ಎಂಬುದನ್ನು ಆಮೇಲೆ ನನಗೂ ಹೇಳು, ಹೆಸರು ಬೇಡ.